ಹೆದರಿಕೆ ನನ್ನದು, ಬೆಂಚು ಫರೀನಳದು

ಆಟಗಾರರ ಎದೆಯೊಳಗಿನದನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುವ ಇಪ್ಪತ್ತೆರಡು ಪ್ರಶ್ನೆಗಳ ಫಾರ್ಮು ಸಾಹೇಬರಿಗೆ, ಗೋಕಾಕ ತಾಲ್ಲೂಕು ಮಮದಾಪುರದ ರಮಜಾನಸಾಬನು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಜೋಡಿಸಿ ಮಾಡುವ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಅಲ್ಲವಾದರೆ ತಮ್ಮಲ್ಲೇ ಯಾವುದಾದರೂ ಅಂಕಿಗೆ ಸುತ್ತು ಹಾಕಿಕೊಳ್ಳಬಹುದು.

ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಮಾತ್ರ. ಆದರೂ ನಮ್ಮ ಓಣಿಯ ಅಷ್ಟೂ ಫಾರ್ಮುಗಳನ್ನು ತುಂಬುವವನು ನಾನೇ. ಕೆಂಚಪ್ಪನ ಬೋರವೆಲ್ಲಿನ ಅರ್ಜಿಯಾಗಲಿ, ಅಕ್ಕವ್ವನ ಪಿಂಚಣಿಯದಾಗಲಿ, ಒಂದೂ ತಿರುಗಿ ಬಂದಿಲ್ಲ. ಅತ್ತಿಗೆ ನಜೀರಾಳ ರೇಷನ್ ಕಾರ್ಡಿಗೆ ಆಕೆಯನ್ನು ಕೇಳದೆಯೇ ಅಂದಾಜಿನ ಮೇಲೆ ವಯಸ್ಸು ಬರೆದೆ. ಸರಕಾರವೂ ಒಪ್ಪಿತು, ಆರು ವರ್ಷ ಕಡಿಮೆಯಾದ್ದರಿಂದ ಅತ್ತಿಗೆಯೂ ಒಪ್ಪಿದಳು.

ನಜೀರಾಳ ಮಗಳೇ ಫರೀನ. ಕಬಡ್ಡಿಯಲ್ಲಿ ರೇಡಿಗೆ ಹೋದರೆ ಬರಿಗೈಲಿ ಮರಳುವವಳಲ್ಲ. ಆ ಕಾಲು ನಮ್ಮ ವಂಶದ್ದು. ಹೋದ ರವಿವಾರ ಮೂಡಲಗಿಯ ಸೆಮಿಫೈನಲ್ಲಿಗೆ ಆಕೆಯನ್ನು ಕರೆದೊಯ್ದಿದ್ದೆ. ಆಟಕ್ಕೆ ಅರ್ಧ ತಾಸು ಇರುವಾಗ ಕೋಚ್ ಶೋಭಾ ಅಕ್ಕೋರು ಫಾರ್ಮುಗಳಾದ ತಮ್ಮನ್ನು ಹುಡುಗಿಯರಿಗೆಲ್ಲ ಹಂಚಿದರು. "ಚಾಚಾ, ಹೆಸರಷ್ಟ ಬರದ ಇಡ್ರಿ, ಎರಡ ಸುತ್ತ ಓಡಿ ಬರ್ತೇನಿ" ಎಂದು ಫರೀನ ತಮ್ಮನ್ನು ನನ್ನ ಕೈಗಿತ್ತಳು. ಹೆಸರಷ್ಟೇ ಬರೆದು ಸುಮ್ಮನಾಗುವುದು ನನ್ನ ಕೈಗೆ ಗೊತ್ತಿಲ್ಲ.

ಈಗ ಹೆದರಿಕೆ ಎಷ್ಟಿದೆ ಎಂದು ತಾವು ಕೇಳಿದಿರಿ. ಎದುರು ತಂಡದ ಹುಡುಗಿಯರ ತೋಳು ನೋಡಿ ನಾನು ಫರೀನಳ ಬ್ಯಾಗಿನ ಹಿಂದೆ ಸರಿದು ಕೂತಿದ್ದೆ. ನಾಲ್ಕಕ್ಕೆ ಸುತ್ತು ಹಾಕಿದೆ. ಸಿಟ್ಟು ಕೇಳಿದಿರಿ, ಗೋಕಾಕದಿಂದ ಬಸ್ಸಿನಲ್ಲಿ ನಿಂತೇ ಬಂದವನು, ಅದಕ್ಕೂ ನಾಲ್ಕು. ಸಂತೋಷ ಕೇಳಿದಾಗ ಚಹಾ ಇನ್ನೂ ಬಂದಿರಲಿಲ್ಲ; ಸೊನ್ನೆ. ನನ್ನ ಮೇಲೆ ನನಗಿರುವ ಭರವಸೆಗೆ ಮಾತ್ರ ತಮ್ಮ ನಾಲ್ಕು ಸಾಲದೆ, ಮುಂದೆ ಐದನ್ನು ನಾನೇ ಬರೆದು ಅದಕ್ಕೇ ಸುತ್ತು ಹಾಕಿದೆ.

ಅಕ್ಕೋರು ಓದಿ, "ಈ ಹುಡಿಗಿ ತೆಲಿ ಇವತ್ತ ಜಾಗಾದಾಗ ಇಲ್ಲ, ಕುಂಡ್ರಲಿ" ಎಂದರು. ತಂಡ ಒಂದೇ ಪಾಯಿಂಟಿನಿಂದ ಗೆದ್ದಿತು. ಫರೀನ ಕೊನೆಯವರೆಗೂ ಬೆಂಚಿನ ಮೇಲಿದ್ದಳು, ಆದರೆ ಅಕ್ಕೋರ ಮುಂದೆ ಚಾಚಾನ ಹೆಸರು ಎತ್ತಲಿಲ್ಲ. ಗೋಕಾಕದ ಬಸ್ ಸ್ಟ್ಯಾಂಡು ಬಂದ ಮೇಲೆ ಒಂದೇ ಮಾತು ಕೇಳಿದಳು: "ಹೆದರಿಕಿ ನಿಮ್ದು, ಬೆಂಚ ನಂದ ಏನ್ರಿ, ಚಾಚಾ?"

ಮಾನ್ಯರೇ, ತಮ್ಮ ಜಾಣತನಕ್ಕೆ ಶರಣು. ನಾನು ಹೆದರುವವನೆಂದು ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಗೂ ಗೊತ್ತಿರಲಿಲ್ಲ. ತಾವು ಅರ್ಧ ತಾಸಿನಲ್ಲಿ ಹಿಡಿದಿರಿ. ಅಳತೆ ಬಹಳ ಸರಿ. ಅಂಗಿಯನ್ನು ಮಾತ್ರ ಬೇರೆಯವರಿಗೆ ತೊಡಿಸಿದಿರಿ.

ಬರುವ ರವಿವಾರ ಹುಕ್ಕೇರಿಯಲ್ಲಿ ಫೈನಲ್. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಮಡಿಕೆ ಬಿಚ್ಚಿ ನಡೆದುಹೋಗಿ, ಆ ನಾಲ್ಕು ಚಾಚಾನದೆಂದು ಅಕ್ಕೋರಿಗೆ ತಿಳಿಸಬೇಕು. ನಾನೇ ಹೋಗಬಹುದಿತ್ತು, ಅವರೆದುರು ನಿಲ್ಲುವ ಹೆದರಿಕೆಗೆ ತಮ್ಮಲ್ಲಿ ಅಂಕಿಯೇ ಇಲ್ಲ. ಹಾಗೆಯೇ, ಜೊತೆಗೆ ಬಂದ ಚಾಚಾಗಳಿಗೆಂದು ಕೆಳಗೆ ಎರಡು ಖಾಲಿ ಸಾಲು ಬಿಟ್ಟುಕೊಡಬೇಕು. ಕೈಗೆ ಕೆಲಸವಿದ್ದರೆ ನಾವು ಮಕ್ಕಳ ಮನಸ್ಸಿನದನ್ನು ಬರೆಯಲು ಹೋಗುವುದಿಲ್ಲ.

ನಾಲ್ಕಕ್ಕೆ ನಾಲ್ಕರಷ್ಟು ತಮ್ಮ ವಿಶ್ವಾಸಿ,
ರಮಜಾನಸಾಬ

ತಾ.ಕ.: ತಾವು ನಡೆಯಲಿಲ್ಲವಾದ್ದರಿಂದ ಈ ಪತ್ರವನ್ನೇ ಅಕ್ಕೋರ ಕೈಗಿಟ್ಟೆ. ಓದಿ ಮರಳಿಸಿ, ಫರೀನಳಿಗೆ ಹೊಸ ಫಾರ್ಮು, ನನಗೆ ಹುಕ್ಕೇರಿ ಮೈದಾನದ ಈ ಬೆಂಚು ಕೊಟ್ಟರು, ಇಲ್ಲಿಂದಲೇ ಬರೆಯುತ್ತಿದ್ದೇನೆ. ಹೆದರಿಕೆಯ ಮುಂದೆ ಆಕೆ ತಾನೇ ಎರಡಕ್ಕೆ ಸುತ್ತು ಹಾಕಿದ್ದಾಳೆ. ಇಷ್ಟು ವರ್ಷ ನನಗೆ ಹೇಳದ ಆ ಎರಡನ್ನು ತಮಗೆ ಹೇಳಿದಳಲ್ಲ, ಅದನ್ನು ನನಗೆ ತಡೆದುಕೊಳ್ಳಲಾಗುತ್ತಿಲ್ಲ. ಈಗ ರೇಡಿಗೆ ಹೊರಟಿದ್ದಾಳೆ. ನನ್ನದು ಇನ್ನೂ ನಾಲ್ಕೇ. ಅಂದಹಾಗೆ, ಮೂಡಲಗಿಯಲ್ಲಿ ಹೆದರಿಕೆ ಸೊನ್ನೆ ಎಂದು ಅಕ್ಕೋರು ಮೆಚ್ಚಿ ಆಡಿಸಿದ ಹುಡುಗಿಯರ ಫಾರ್ಮುಗಳಲ್ಲಿ ಹೆಸರು ಬರೆದ ಅಕ್ಷರ ಯಾರದೆಂದು ಒಮ್ಮೆ ನೋಡಿರಿ. ಆ ಹುಡುಗಿಯರ ಕಾಕಾಗಳೂ ಅಂದು ಪೆನ್ನು ತಂದಿದ್ದರು.