ಆಯುಧ ಪೂಜೆಗೆ ಕಂಪ್ಯೂಟರ್ ತೊಳೆದದ್ದು

ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡುವವರು ಸಾಮಾನ್ಯ ಮನುಷ್ಯರು. ಬಸ್‌ಸ್ಟಾಪಿನವರೆಗೂ ಹೋಗಿ, ಬಂದು ನಿಂತ ಬಸ್ಸನ್ನು ಬಿಟ್ಟು, ವಾಪಸ್ ಬಂದು ಜಗ್ಗಿ ನೋಡುವವನು ನಾನು. ಹೋಟೆಲಿನಲ್ಲಿ ನೀರು ತಂದಿಟ್ಟರೆ ಲೋಟವನ್ನು ಬೆಳಕಿಗೆ ಹಿಡಿಯುತ್ತೇನೆ. ಹಾಲಿನವನು ‘ಇವತ್ತು ಹಾಲು ಚೆನ್ನಾಗಿದೆ ಸಾರ್’ ಅಂದರೆ, ಹಾಗಾದರೆ ನಿನ್ನೆಯದಕ್ಕೆ ಏನಾಗಿತ್ತು ಎಂದು ಯೋಚಿಸುತ್ತಾ ಕೂರುತ್ತೇನೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ವೈದೇಹಿ ಇದನ್ನು ಜಾಗರೂಕತೆ ಎಂದುಕೊಂಡಿದ್ದಳು, ಪಾಪ. ಆಮೇಲೆ ಅದಕ್ಕೆ ಬೇರೆ ಬೇರೆ ಹೆಸರುಗಳನ್ನಿಟ್ಟಳು. ಅವಳು ಮದರಾಸಿನಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಕೆಲವು ತಮಿಳಿನಲ್ಲಿವೆ, ಇಲ್ಲಿ ಬರೆಯುವಂಥವಲ್ಲ.

ಇಂಥ ಸ್ವಭಾವಕ್ಕೂ ಸಂಬಳ ಕೊಡುವವರಿದ್ದಾರೆಂದು ಗೊತ್ತಾದದ್ದು ನಾನು ಮೈಸೂರು ಬಿಟ್ಟು ಚೆನ್ನೈಗೆ ಬಂದ ಮೇಲೆ. ಕೋಡಂಬಾಕ್ಕಂನಲ್ಲಿ, ಹಿಂದೆ ಸಿನಿಮಾದವರು ಸೆಟ್ಟು ಹಾಕುತ್ತಿದ್ದರೆಂದು ಎಲ್ಲರೂ ಹೇಳುವ ಜಾಗದಲ್ಲಿ, ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿ. ನಾವು ತಯಾರಿಸುತ್ತಿದ್ದದ್ದು ಒಂದು ಪೆಟ್ಟಿಗೆ. ಕೈಗೆ ಸಿಗುವ ಪೆಟ್ಟಿಗೆಯಲ್ಲ, ಕಂಪ್ಯೂಟರಿನ ಒಳಗಿನದು. ಎಲ್ಲಿಂದಲೋ ಬಂದ, ನಂಬಿಕೆಗೆ ಅರ್ಹವಲ್ಲದ ಪ್ರೋಗ್ರಾಮನ್ನು ಅದರೊಳಗೆ ಬಿಟ್ಟು ಓಡಿಸಬೇಕು. ಅದು ಒಳಗೇ ಏನು ಬೇಕಾದರೂ ಕುಣಿಯಲಿ, ಬರೆಯಲಿ, ಅಳಿಸಲಿ; ಹೊರಗಿನ ಕಂಪ್ಯೂಟರಿಗೆ ಅದರ ಗಾಳಿಯೂ ಸೋಕಬಾರದು. ಕೊನೆಗೆ ‘ಪೆಟ್ಟಿಗೆ ಖಾಲಿ ಮಾಡು’ ಎಂಬ ಗುಂಡಿ ಒತ್ತಿದರೆ ಒಳಗಿದ್ದದ್ದೆಲ್ಲ ನಿರ್ನಾಮ. ಈ ಪೆಟ್ಟಿಗೆಯಲ್ಲಿ ಎಲ್ಲಾದರೂ ತೂತಿದೆಯೇ ಎಂದು ಹುಡುಕುವುದು ನನ್ನ ಉದ್ಯೋಗ. ಫೈಲು ನುಸುಳಿ ಹೊರಬರುತ್ತದೆಯೇ, ಇಂಟರ್‌ನೆಟ್ಟಿನ ಕಡೆಗೆ ಜಾರುತ್ತದೆಯೇ ಎಂದು ತಿಂಗಳುಗಟ್ಟಲೆ ಕೆದಕಿ, ಆ ವರ್ಷ ನವರಾತ್ರಿಯ ಹೊತ್ತಿಗೆ ‘ಒಂದು ತೂತೂ ಇಲ್ಲ’ ಎಂದು ಸಹಿ ಹಾಕಿ ನಮ್ಮ ಮ್ಯಾನೇಜರ್ ಸೆಲ್ವಂ ಅವರಿಗೆ ಕೊಟ್ಟು, ಎದೆಯುಬ್ಬಿಸಿಕೊಂಡು ಹಬ್ಬದ ರಜೆಗೆ ಬಂದಿದ್ದೆ.

ಈ ಪೆಟ್ಟಿಗೆಯ ತತ್ವವನ್ನು ಅಣ್ಣಾ ನಗರದ ನಮ್ಮ ಮನೆಯಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಅರ್ಥ ಮಾಡಿಕೊಂಡವರು ನಮ್ಮತ್ತೆ. ವೈದೇಹಿಯ ತಾಯಿ ನಮ್ಮ ಜೊತೆಯಲ್ಲೇ ಇದ್ದಾರೆ. ಅಳಿಯನಾದ ನನ್ನನ್ನು ತಮಿಳಿನವರ ಹಾಗೆ ‘ಮಾಪ್ಳೆ’ ಎಂದೇ ಕರೆಯುತ್ತಾರೆ. ಬೆಳಗ್ಗೆ ಅವರು ಮಡಿಯುಟ್ಟು ಓಡಾಡುವಾಗ ನಾವೆಲ್ಲ ಗೋಡೆಗೆ ಅಂಟಿಕೊಂಡು ನಿಲ್ಲುತ್ತೇವೆ. “ಓ, ಮಡಿ ಅಂತ ಹೇಳಿ ಮಾಪ್ಳೆ! ಹೊರಗಿಂದ ಬಂದದ್ದು ಒಳಗಿರೋದನ್ನ ಮುಟ್ಟಬಾರದು, ಅಷ್ಟೇ ತಾನೆ? ಇದಕ್ಕೆ ಕಾಲೇಜು ಬೇರೆ ಓದಿದಿರಾ?” ಅಂದರು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಮೈಲಾಪುರದಲ್ಲಿರುವ ಅತ್ತೆಯ ತಂಗಿಯ ಫೋನು. ಮಡಿಯಲ್ಲಿದ್ದ ಅತ್ತೆ ಓಡಿಹೋಗಿ ಎತ್ತಿಕೊಂಡರು. ಅದನ್ನು ನಾವೆಲ್ಲ ಮುಟ್ಟುತ್ತೇವಲ್ಲ ಎಂದು ಆಮೇಲೆ ಕೇಳಿದ್ದಕ್ಕೆ, “ವೈರಲ್ಲಿ ಬರೋದಕ್ಕೆ ಎಂಥ ಮೈಲಿಗೆ?” ಎಂದು ನನ್ನನ್ನೇ ಗದರಿದರು. ಅದು ತೂತೆಂದು ಬರೆದುಕೊಡುವ ಧೈರ್ಯ ನನಗೆ ಬರಲಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ನಮ್ಮ ಮಗಳು ರಮ್ಯಾಗೆ ಆಗ ಏಳು ವರ್ಷ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ತಮಿಳು. ‘ಊಟಕ್ಕೆ ಬಾರೇ’ ಅಂದರೆ ‘ವರೇನ್ ಮಾ’ ಅನ್ನುತ್ತಾಳೆ. ಮೈಸೂರಿನಿಂದ ನನ್ನ ಅಮ್ಮ ಫೋನ್ ಮಾಡಿದಾಗ ಅಜ್ಜಿ ಮೊಮ್ಮಗಳು ಇಬ್ಬರೂ ಸರದಿಯ ಮೇಲೆ ‘ಹಲೋ’ ಹೇಳಿಕೊಂಡು, ಕೊನೆಗೆ ಅಜ್ಜಿಯೇ ಸೋತು ‘ಅಪ್ಪನಿಗೆ ಕೊಡು ಪುಟ್ಟಿ’ ಎನ್ನುತ್ತಿದ್ದರು. ನನಗೆ ಸಂಕಟವಾಗುತ್ತಿತ್ತು, ವೈದೇಹಿಗೆ ಛಲ ಬಂತು. ಸುತ್ತಮುತ್ತಲಿನ ಕನ್ನಡದ ಮನೆಗಳ ಮಕ್ಕಳನ್ನೆಲ್ಲ ಸೇರಿಸಿ ವಿಜಯದಶಮಿಯ ಸಂಜೆ ನಮ್ಮ ಹಾಲಿನಲ್ಲೇ ಕನ್ನಡ ಪಾಠ ಶುರುಮಾಡುತ್ತೇನೆಂದು ಸಾರಿದಳು. ಅಪ್ಪಅಮ್ಮಂದಿರು ಅರೆಮನಸ್ಸಿನಲ್ಲಿದ್ದರು. ಒಬ್ಬನಿಗೆ ಗಣಿತದ ಟ್ಯೂಷನ್, ಒಬ್ಬಳಿಗೆ ಭರತನಾಟ್ಯ. ‘ಮೊದಲನೇ ದಿನ ನೋಡ್ತೀವಿ, ಮಕ್ಕಳಿಗೆ ಇಷ್ಟ ಆದ್ರೆ ಕಳಿಸ್ತೀವಿ’ ಎಂದಿದ್ದರು. ಅಂದರೆ ಮೊದಲ ದಿನ ಠುಸ್ಸಾದರೆ ಎರಡನೆಯ ದಿನವೇ ಇಲ್ಲ.

ಊರಿನಿಂದ ತರಿಸಿದ ಪಠ್ಯಪುಸ್ತಕ ಇಲ್ಲಿನ ಮಕ್ಕಳಿಗೆ ಹಿಡಿಸದೆಂದು ವೈದೇಹಿ ತಾನೇ ಪಾಠ ಬರೆದಳು. ಬೀಚು, ಲೋಕಲ್ ಟ್ರೈನು, ಎಣ್ಣೂರಿನ ಹೊಗೆಗೊಳವೆ ಎಲ್ಲ ಅದರಲ್ಲಿ ಬಂದವಂತೆ. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಎರಡು ತಿಂಗಳು ಟೈಪ್ ಮಾಡಿದಳು. ಕನ್ನಡ ಟೈಪಿಂಗಿನ ಸಿ.ಡಿ.ಯನ್ನು ಅವಳಿಗೆ ಯಾರೋ ಪರಿಚಯದವರು ಕೊಟ್ಟಿದ್ದರು. ಮೇಲೆ ಹೆಸರಿಲ್ಲ, ಊರಿಲ್ಲ. ಮೊದಲ ದಿನವೇ ನನ್ನ ಕಣ್ಣಿಗೆ ಅದು ಬಿದ್ದ ಮೇಲೆ ಕೇಳಬೇಕೆ? “ಇದನ್ನ ನಮ್ಮ ಪೆಟ್ಟಿಗೆ ಒಳಗೇ ಓಡಿಸು. ಹೊರಗೆ ತೆಗೆದೀಯ ಜೋಕೆ!” ಎಂದು ಆಫೀಸಿನ ಪೆಟ್ಟಿಗೆಯನ್ನು ಮನೆಯ ಕಂಪ್ಯೂಟರಿಗೂ ಹಾಕಿಕೊಟ್ಟೆ. ಅದರೊಳಗೆ ಓಡುವುದರ ಸುತ್ತ ಹಳದಿ ಗೆರೆಯೊಂದು ಕಾಣುತ್ತದೆ. ಮನೆಗೇ ಲಕ್ಷ್ಮಣರೇಖೆ ಎಳೆದವನಂತೆ ನಾನು ನಿಶ್ಚಿಂತನಾದೆ.

ಆಯುಧ ಪೂಜೆಯ ಹಿಂದಿನ ದಿನ ಮನೆಯ ಸಾಮಾನನ್ನೆಲ್ಲ ತೊಳೆದು ಒರೆಸಿ ಇಡುವುದು ಪದ್ಧತಿ. ಅತ್ತೆ ಈಳಿಗೆಮಣೆ ಉಜ್ಜಿದರು, ರಮ್ಯಾ ಸೈಕಲ್ ಒರೆಸಿದಳು. ನನ್ನ ಆಯುಧ ಕಂಪ್ಯೂಟರ್ ತಾನೆ? ಮುಚ್ಚಳ ಬಿಚ್ಚಿ ಧೂಳು ಹೊಡೆದೆ, ಕೀಲಿಗಳ ಸಂದಿಯಿಂದ ಖಾರಾಸೇವೆಯ ಚೂರು ತೆಗೆದೆ. ಹೊರಗೆ ಶುದ್ಧವಾಯಿತು, ಒಳಗೆ? ಹುಮ್ಮಸ್ಸಿನಲ್ಲಿ ‘ಪೆಟ್ಟಿಗೆ ಖಾಲಿ ಮಾಡು’ ಗುಂಡಿಯನ್ನು ಒತ್ತಿಯೇಬಿಟ್ಟೆ. ‘ಖಂಡಿತವಾಗಿಯೂ?’ ಎಂದು ಅದು ಕೇಳಿತು. ಲೋಕದಲ್ಲಿ ಯಾರನ್ನೂ ನಂಬದ ನಾನು ನನ್ನನ್ನು ಮಾತ್ರ ಪೂರ್ತಿ ನಂಬುತ್ತೇನೆ. ಹೌದು ಎಂದೆ. ಮಾರನೆಯ ದಿನ ಕಂಪ್ಯೂಟರಿಗೆ ಗಂಧ, ಕುಂಕುಮ, ಚೆಂಡುಹೂವು. ಪೂಜೆಗಿಟ್ಟದ್ದನ್ನು ಆ ದಿನ ಯಾರೂ ಮುಟ್ಟುವ ಹಾಗಿಲ್ಲ.

ವಿಜಯದಶಮಿಯ ಬೆಳಗ್ಗೆ ಪುನಃಪೂಜೆ ಮುಗಿದ ತಕ್ಷಣ ವೈದೇಹಿ ಕಂಪ್ಯೂಟರ್ ಹಾಕಿದಳು.

“ರೀ, ಪಾಠ ಎಲ್ಲಿ?”

“ಯಾವ ಪಾಠ?”

“ನನ್ನ ಪಾಠ ರೀ! ಆ ಹಳದಿ ಗೆರೆ ಒಳಗೇ ತಾನೆ ಸೇವ್ ಮಾಡ್ತಿದ್ದೆ? ಹೊರಗೆ ತೆಗೀಬೇಡ ಅಂದ್ರಲ್ಲ ನೀವು?”

ಪೆಟ್ಟಿಗೆಯೊಳಗೆ ಓಡಿದ್ದು ಪೆಟ್ಟಿಗೆಯೊಳಗೇ ಬರೆದಿಡುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನಿಗೆ ಹೆಂಡತಿಯ ಪಾಠಗಳೂ ಅಲ್ಲೇ ಇರುತ್ತವೆಂದು ಹೊಳೆದಿರಲಿಲ್ಲ. ತೊದಲುತ್ತಾ ನಡೆದದ್ದನ್ನು ಹೇಳಿದೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ವೈದೇಹಿ ಬೈಯಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಜೆ ಐದಕ್ಕೆ ಮಕ್ಕಳು ಬರುವವರಿದ್ದರು.

“ಪ್ರಿಂಟಾದ್ರೂ ಇದ್ದಿದ್ರೆ ಆಗ್ತಿತ್ತು,” ಅಂದಳು ಮೂಗು ಏರಿಸುತ್ತಾ. “ಒಂದೊಂದು ಪಾಠ ಮುಗಿದಾಗ್ಲೂ ಪ್ರಿಂಟ್ ಒತ್ತಿದೆ. ಮೆಷಿನ್ ಅಳ್ಳಾಡಲಿಲ್ಲ. ಇಂಕು ತನ್ನಿ ಅಂದ್ರೆ ನಾಳೆ ತರ್ತೀನಿ ಅಂದ್ರಿ. ತಂದಿರ್ತೀರೇನೋ ಅಂತ ಮತ್ತೆ ಒತ್ತಿದೆ. ಮತ್ತೂ ನಾಳೆ ಅಂದ್ರಿ. ಆಮೇಲೆ ಸಿಟ್ಟಿಗೆ ಸುಮ್‌ಸುಮ್ನೆ ಒತ್ತಿದೆ.”

ನನ್ನ ಕಿವಿ ನೆಟ್ಟಗಾಯಿತು. ಪ್ರಿಂಟ್ ಒತ್ತಿದ್ದು ಪೆಟ್ಟಿಗೆಯ ಒಳಗೆ. ಪ್ರಿಂಟರ್ ಇರುವುದು ಹೊರಗೆ. ನಡುವೆ ಅವಳ ಪಾಠ ಎಲ್ಲಿ ಹೋಗಿ ಕೂತಿರಬಹುದು? ನಾನು ಸಹಿ ಹಾಕಿದ್ದು ನಿಜವಾಗಿದ್ದರೆ ಎಲ್ಲಿಗೂ ಹೋಗಿರಲಾರದು. ಅಯ್ಯೋ ದೇವರೇ, ನನ್ನ ಕೆಲಸ ಸುಳ್ಳಾಗಲಪ್ಪಾ, ನಮ್ಮ ಪೆಟ್ಟಿಗೆಯಲ್ಲಿ ಒಂದಾದರೂ ತೂತಿರಲಪ್ಪಾ ಎಂದು ಬೊಂಬೆ ಕೂರಿಸಿದ್ದ ಕಡೆ ತಿರುಗಿ ಕೈಮುಗಿದೆ. ಪೆಟ್ಟಿಗೆಯ ಹೊರಗೆ, ಕಂಪ್ಯೂಟರಿನಲ್ಲೇ ಪ್ರಿಂಟಿಗೆ ಕಾದಿರುವ ಕೆಲಸಗಳ ಸಾಲನ್ನು ತೆರೆದೆ. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತಂತೆ ಪಾಠಗಳೆಲ್ಲ ಸಾಲಾಗಿ ನಿಂತಿದ್ದವು, ಒಂದೊಂದೂ ನಾಲ್ಕೈದು ಸಲ.

“ತೂತಿದೆ! ತೂತಿದೆ!” ಎಂದು ಕುಣಿದೆ.

“ಯಾವ ಪಾತ್ರೇಲಿ ಮಾಪ್ಳೆ?” ಎಂದು ಅತ್ತೆ ಅಡುಗೆಮನೆಯಿಂದ ಓಡಿಬಂದರು.

ಚಪ್ಪಲಿ ಮೆಟ್ಟಿ, ರಸ್ತೆಯಲ್ಲಿ ಒಡೆದು ಬಿದ್ದಿದ್ದ ಬೂದುಗುಂಬಳಕಾಯಿಗಳನ್ನು ದಾಟಿ ಓಡಿದೆ. ಇಂಕಿನ ಅಂಗಡಿಯವನು ಪೂಜೆ ಮಾಡಲು ಅರ್ಧ ಷಟರ್ ಎತ್ತಿದ್ದ. ಅದರಡಿ ಬಗ್ಗಿ ನುಗ್ಗಿದೆ. “ಇವತ್ತು ಲೀವು ಸಾರ್” ಎಂದು ತಮಿಳಿನಲ್ಲಿ ಹೇಳಿದವನು ನನ್ನ ಮುಖ ನೋಡಿ ಮರುಕಪಟ್ಟು ಒಂದು ಕಾರ್ಟ್ರಿಜ್ ಕೊಟ್ಟ. ಮನೆಗೆ ಬಂದು ಹಾಕಿದ್ದೇ ತಡ, ಪ್ರಿಂಟರ್ ಗೊರಗೊರ ಎಂದು ಶುರುಮಾಡಿತು. ಕಾಗದ ಮುಗಿದು ಪಕ್ಕದ ಮನೆಯಿಂದ ತಂದೆವು. ವೈದೇಹಿ ಸಿಟ್ಟಿಗೆ ಒತ್ತಿದ್ದೆಲ್ಲ ಪ್ರತಿಗಳಾಗಿ ಹೊರಬಂದವು. ಹಾಳೆಗಳನ್ನು ಜೋಡಿಸುತ್ತಾ ಅವಳು ನಕ್ಕಳು; ನನಗೆ ಹೋದ ಜೀವ ಬಂದಂತಾಯಿತು.

ಹಬ್ಬದ ದಿನವೇ ಸೆಲ್ವಂ ಅವರಿಗೆ ಫೋನ್ ಮಾಡಿ, ಸಾರ್, ನಾನು ಸಹಿ ಹಾಕಿದ್ದು ತಪ್ಪು ಎಂದೆ. ನನ್ನ ಹೆಂಡತಿಯ ಪಾಠ ಹೊರಬಂದ ದಾರಿಯಲ್ಲೇ ನಾಳೆ ಯಾವುದೋ ಕಳ್ಳ ಪ್ರೋಗ್ರಾಮೂ ಹೊರಬರಬಹುದಲ್ಲ? ಇಷ್ಟು ದಿನ ಅದು ಯಾಕೆ ಸಿಗಲಿಲ್ಲ ಎಂದು ಅವರು ಕೇಳಿದರು. ನಿಜ ಹೇಳಿದೆ. ಆಫೀಸಿನ ಪ್ರಿಂಟರ್ ಇರುವುದು ಅವರ ಕೋಣೆಯಲ್ಲಿ. ಒಂದು ಹಾಳೆ ತೆಗೆಯಬೇಕಾದರೂ ‘ಯಾತಕ್ಕೆ?’ ಎಂದು ಕೇಳುತ್ತಾರೆ. ಆ ಭಯಕ್ಕೆ ನಾವು ಯಾರೂ ಪ್ರಿಂಟಿನ ತಂಟೆಗೇ ಹೋಗಿರಲಿಲ್ಲ. ಆ ಕಡೆಯಿಂದ ದೊಡ್ಡ ನಗು ಬಂತು. ಗಿರಾಕಿಗಿಂತ ಮುಂಚೆ ನಾವೇ ಹಿಡಿದೆವಲ್ಲ, ಸರಿಮಾಡೋಣ, ಸೋಮವಾರವೇ ಪ್ರಿಂಟರನ್ನು ಹೊರಗೆ ಇಡಿಸುತ್ತೇನೆ ಎಂದರು.

ಸಂಜೆ ಮಕ್ಕಳು ಬಂದರು, ಹಿಂದೆ ಅಪ್ಪಅಮ್ಮಂದಿರೂ ಬಂದು ಅತ್ತೆ ಕೊಟ್ಟ ಕಡಲೆ ಉಸಲಿ ತಿನ್ನುತ್ತಾ ಕೂತರು. ಪಾಠಗಳನ್ನು ಅಷ್ಟು ಕಾಪಾಡಿದರೂ ಅವುಗಳೊಳಗೇನಿದೆಯೆಂದು ನಾನು ಓದಿರಲಿಲ್ಲ. ಮೊದಲನೆಯ ಪಾಠದ ಹೆಸರು ‘ನಮ್ಮ ಮನೆ’. ವೈದೇಹಿ ಒಂದೊಂದು ಸಾಲು ಹೇಳಿಕೊಟ್ಟಳು, ಮಕ್ಕಳು ರಾಗವಾಗಿ ಹೇಳಿದರು.

“ಇವರು ಅಜ್ಜಿ. ಅಜ್ಜಿ ಅಡುಗೆ ಮಾಡುತ್ತಾರೆ. ಇವರು ಅಮ್ಮ. ಅಮ್ಮ ಪಾಠ ಮಾಡುತ್ತಾರೆ. ಇವರು ಅಪ್ಪ.”

ಬಾಗಿಲ ಬಳಿ ನಿಂತಿದ್ದ ನಾನು ಅಂಗಿ ಸರಿಮಾಡಿಕೊಂಡೆ.

“ಅಪ್ಪ ನಾಳೆ ಮಾಡುತ್ತಾರೆ.”

ಹಾಲಿಗೆ ಹಾಲೇ ನಕ್ಕಿತು. ಮಕ್ಕಳಿಗೆ ಆ ಸಾಲು ಎಷ್ಟು ಹಿಡಿಸಿತೆಂದರೆ ಇನ್ನೊಮ್ಮೆ, ಇನ್ನೊಮ್ಮೆ ಎಂದು ಹಟಹಿಡಿದರು. ಗಣಿತದ ಟ್ಯೂಷನ್ನಿನ ಹುಡುಗನ ತಾಯಿ, ಮುಂದಿನ ವಾರ ಎಷ್ಟು ಹೊತ್ತಿಗೆ ಎಂದು ಅಲ್ಲೇ ಕೇಳಿದರು. ರಮ್ಯಾ ಎದ್ದು ನಿಂತು, ನನ್ನ ಕಡೆ ಬೆರಳು ಮಾಡಿ, ತಮಿಳಿನ ಸೋಂಕಿಲ್ಲದ ಅಚ್ಚ ಕನ್ನಡದಲ್ಲಿ ಒಬ್ಬಳೇ ಗಟ್ಟಿಯಾಗಿ ಹೇಳಿದಳು: “ಇವರು ಅಪ್ಪ. ಅಪ್ಪ ನಾಳೆ ಮಾಡುತ್ತಾರೆ.” ಅವಳ ಬಾಯಿಂದ ಪೂರ್ತಿ ಒಂದು ಕನ್ನಡ ವಾಕ್ಯ ಕೇಳಲು ನಾನು ಎಷ್ಟೋ ವರ್ಷದಿಂದ ಕಾದಿದ್ದೆ. ನನ್ನ ಕಣ್ಣು ತುಂಬಿಬಂತು. ಆದರೂ ಅಭ್ಯಾಸಬಲ ನೋಡಿ, ಎಲ್ಲಾದರೂ ತಪ್ಪು ಸಿಗುತ್ತದೆಯೇ ಎಂದು ಹುಡುಕಿದೆ. ಉಚ್ಚಾರಣೆಯಲ್ಲೂ ಸಿಗಲಿಲ್ಲ, ವಿಷಯದಲ್ಲೂ ಸಿಗಲಿಲ್ಲ.