ಉಸಿರಾಡದ ಕ್ಲಾರಿನೆಟ್

ನಮ್ಮ ದೊಡ್ಡಪ್ಪ ಕ್ಲಾರಿನೆಟ್ ಊದುವುದನ್ನು ಬಿಟ್ಟು ಆರು ವರ್ಷವಾಯಿತು. ಆದರೂ ಅವರ ಕ್ಲಾರಿನೆಟ್ಟಿನ ಕಾಟ ತಾಳಲಾರದೆ ಕುರುಬರಹಳ್ಳಿಯ ಅರ್ಧ ಬೀದಿ ಕಿಟಕಿ ಮುಚ್ಚಿಕೊಳ್ಳುತ್ತದೆ ಎಂದರೆ ನಂಬುತ್ತೀರಾ? ನಂಬಿ. ಆ ಪಾಪದಲ್ಲಿ ಮುಕ್ಕಾಲು ಪಾಲು ನನ್ನದು!

ದೊಡ್ಡಪ್ಪ ಕಾರ್ಖಾನೆಯ ಬ್ಯಾಂಡಿನಲ್ಲಿದ್ದವರು. ಹಾರ್ಟ್ ಆಪರೇಷನ್ ಆದಮೇಲೆ ಡಾಕ್ಟರು, "ಇನ್ನು ಊದೋದೆಲ್ಲ ಬಂದ್" ಎಂದುಬಿಟ್ಟರು. ದೊಡ್ಡಪ್ಪ ಮಂಕಾಗಿ ಕೂತರು. ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನು ಸುಮ್ಮನಿರಲಾದೀತೆ? ಸಂಗೀತ ಬರೆಯುವ ಸಾಫ್ಟ್‌ವೇರ್ ಒಂದನ್ನು ಅವರ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. "ನೀವು ಬರೀರಿ ದೊಡ್ಡಪ್ಪ, ಅದೇ ಊದುತ್ತೆ" ಎಂದೆ. ನನ್ನ ಸಂಗೀತಜ್ಞಾನವೋ, ರಾಷ್ಟ್ರಗೀತೆ ಶುರುವಾದರೆ ಎದ್ದು ನಿಲ್ಲಬೇಕು ಎನ್ನುವಷ್ಟು.

ಮೊದಲ ದಿನವೇ ದೊಡ್ಡಪ್ಪ ಮೋಹನ ರಾಗದಲ್ಲಿ ನಾಲ್ಕು ಸಾಲು ಬರೆದು, ವಾಲ್ಯೂಮ್ ಪೂರ್ತಿ ಏರಿಸಿ ಗುಂಡಿ ಒತ್ತಿದರು. ಎದುರುಮನೆಯಾಕೆ ಪೊರಕೆ ಹಿಡಿದು ಹೊರಗೆ ಓಡಿಬಂದರು.

"ಯಾರ್ರೀ ಅದು, ಕಾರು ರಿವರ್ಸ್ ತಗೋತಿರೋದು? ನಮ್ಮ ರಂಗೋಲಿ ಮೇಲೆ ಹತ್ತಿಸ್ಬೇಡಿ!"

"ರೀ, ಅದು ಮೋಹನ ಕಣ್ರೀ!" ದೊಡ್ಡಪ್ಪ ಕಿಟಕಿಯಿಂದ ಕೂಗಿದರು.

"ಯಾವ ಮೋಹನನಾದ್ರೂ ಆಗ್ಲಿ, ಹಿಂದೆ ನೋಡ್ಕೊಂಡು ಬಿಡೋಕೆ ಹೇಳಿ!"

ದೊಡ್ಡಪ್ಪ ಎರಡು ದಿನ ಮಾತಾಡಲಿಲ್ಲ. ನನ್ನ ಜೊತೆ, ಆಕೆಯ ಜೊತೆಯಲ್ಲ.

ಈ ವರ್ಷ ಅವರಿಗೊಂದು ಹುಚ್ಚು ಹತ್ತಿತು. ಬ್ಯಾಂಡಿನ ಹಳೆಯ ಗೆಳೆಯರು ಮೂವರು, ಟ್ರಂಪೆಟ್‌ನವರು, ಸ್ಯಾಕ್ಸೊಫೋನಿನವರು, ಟ್ರಾಂಬೋನಿನವರು, ಇಲ್ಲೇ ಸುತ್ತಮುತ್ತ ಇದ್ದಾರೆ. ಎಲ್ಲರೂ ಎಪ್ಪತ್ತು ದಾಟಿದವರು. ಅವರೆಲ್ಲ ಸೇರಿ ರಾಜ್ಯೋತ್ಸವಕ್ಕೆ ಪಾರ್ಕಿನಲ್ಲಿ ಇನ್ನೊಂದು ಸಲ ನುಡಿಸಬೇಕು. ಕ್ಲಾರಿನೆಟ್ ಮಾತ್ರ ಕಂಪ್ಯೂಟರಿನದು. ಅಲ್ಲಿಂದ ದೊಡ್ಡಪ್ಪನಿಗೆ ಊಟ, ನಿದ್ದೆ ಯಾವುದೂ ಬೇಡವಾಯಿತು. ದಿನಾ ಬೆಳಿಗ್ಗೆ ಡೈರಿ ಹಿಡಿದು ಗೆಳೆಯರ ಹಿಂದೆ ವಾಕಿಂಗ್ ಬೇರೆ!

"ಮುದುಕ್ರ ಹೆಜ್ಜೆ ಎಣಿಸಿ ಎಣಿಸಿ ಬರ್ಕೋತಾರೆ ಕಣೇ" ಎಂದರು ದೊಡ್ಡಮ್ಮ. "ಒಂದಿನ ಪೊಲೀಸ್ನೋರು ಹಿಡ್ಕೊಂಡು ಹೋಗ್ತಾರೆ ನೋಡು."

ಅವರು ಬರೆದದ್ದನ್ನು ಒಂದು ಮಧ್ಯಾಹ್ನ ತೆರೆದು ನೋಡಿದೆ. ಎಲ್ಲಿ ನೋಡಿದರೂ ರೆಸ್ಟ್! ಇಲ್ಲಿ ಊದಬೇಡ, ಸುಮ್ಮನಿರು ಎನ್ನುವ ಗುರುತಿಗೆ ಬ್ಯಾಂಡಿನವರು ಹಾಗೆನ್ನುತ್ತಾರೆ. ಟ್ರಂಪೆಟ್ಟಿಗೆ ಒಂದು ಕಡೆ, ಸ್ಯಾಕ್ಸೊಫೋನಿಗೆ ಇನ್ನೊಂದು ಕಡೆ, ಯಾವ ಲೆಕ್ಕಕ್ಕೂ ಸಿಗದಂತೆ. ಪಾಪ, ವಯಸ್ಸಾಯಿತು, ಕೈತಪ್ಪಿ ಒತ್ತಿದ್ದಾರೆ ಎಂದುಕೊಂಡೆ. ದೊಡ್ಡಪ್ಪ ಮಲಗಿ ಏಳುವಷ್ಟರಲ್ಲಿ ಎಲ್ಲವನ್ನೂ ಅಳಿಸಿ, ಹಿಂದಿನ ಸ್ವರವನ್ನು ಎಳೆದು ಸಂದು ತುಂಬಿಸಿದೆ. ನುಡಿಸಿದರೆ ಬೆಣ್ಣೆಯಂತೆ ಜಾರಿಕೊಂಡು ಹೋಯಿತು. ಬೆನ್ನು ತಟ್ಟುವವರು ಯಾರೂ ಇರಲಿಲ್ಲವಾದ್ದರಿಂದ ನಾನೇ ತಟ್ಟಿಕೊಂಡು, ಸರ್ಕಲ್ಲಿನ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ನಾನೇ ಮೂವರ ಮನೆಗೂ ಹಂಚಿ ಬಂದೆ.

ಭಾನುವಾರ ತಾರಸಿಯ ಮೇಲೆ ಅಭ್ಯಾಸ. ಎರಡನೆಯ ಸಾಲಿಗೆ ಟ್ರಂಪೆಟ್‌ನವರ ಮುಖ ಬೀಟ್‌ರೂಟ್ ಆಯಿತು. ಮೂರನೆಯದಕ್ಕೆ ಸ್ಯಾಕ್ಸೊಫೋನಿನವರು ಇನ್‌ಹೇಲರ್ ತೆಗೆದರು. ಟ್ರಾಂಬೋನಿನವರು ನೀರಿನ ಟ್ಯಾಂಕಿನ ಕಟ್ಟೆಗೆ ಒರಗಿ ಕೂತೇಬಿಟ್ಟರು. ಕಂಪ್ಯೂಟರಿನ ಕ್ಲಾರಿನೆಟ್ ಮಾತ್ರ ಯಾರ ಹಂಗೂ ಇಲ್ಲದೆ ಊದುತ್ತಲೇ ಇತ್ತು!

"ಗುರುವೇ," ಟ್ರಂಪೆಟ್‌ನವರು ಏದುಸಿರಿನಲ್ಲೇ ಕೇಳಿದರು, "ಇದು ರಾಜ್ಯೋತ್ಸವಕ್ಕೋ, ನಮ್ಮ ತಿಥಿಗೋ?"

ನಾನು ತಪ್ಪೊಪ್ಪಿಕೊಂಡೆ. ದೊಡ್ಡಪ್ಪ ಬೈಯಲಿಲ್ಲ. ಡೈರಿ ತೆಗೆದು ನನ್ನ ಮುಂದಿಟ್ಟರು.

"ಹದಿನಾಲ್ಕು ಹೆಜ್ಜೆಗೆ ಇವನಿಗೆ ಉಸಿರು ಬೇಕು. ಅವನಿಗೆ ಒಂಬತ್ತಕ್ಕೇ ಬೇಕು. ಅಲ್ಲಲ್ಲೇ ರೆಸ್ಟ್ ಹಾಕಿದ್ದೆ. ಅವ್ರು ನಿಂತ ಕಡೆ ಅವ್ರ ಟ್ಯೂನನ್ನ ಕ್ಲಾರಿನೆಟ್ ಎತ್ಕೊಳ್ಳುತ್ತೆ. ನಿಂತಿದ್ದು ಕೇಳೋರಿಗೆ ಗೊತ್ತಾಗ್ಬಾರ್ದು ಕಣೇ, ಮರ್ಯಾದೆ ಪ್ರಶ್ನೆ. ಮಕ್ಕಳ ಪೇಪರ್ ತಿದ್ದಿ ತಿದ್ದಿ ನಿಂಗೆ ಖಾಲಿ ಜಾಗ ಕಂಡ್ರಾಗಲ್ಲ."

ಭೂಮಿ ಬಾಯ್ಬಿಡಬಾರದೇ ಎನಿಸಿತು. ಹಳೆಯದರ ಕಾಪಿಯಾದರೂ ಇತ್ತೇ? "ಮಕ್ಕಳೇ, ಒಂದು ಕಾಪಿ ಇಟ್ಕೊಳ್ಳಿ" ಎಂದು ದಿನಾ ಗಂಟಲು ಹರಿದುಕೊಳ್ಳುವ ಈ ಮೇಡಂ ಇಟ್ಟುಕೊಂಡಿರಲಿಲ್ಲ! ಉಳಿದದ್ದು ಐದೇ ದಿನ. ಸ್ಕೂಲಿಗೆ ರಜೆ ಹಾಕಿ, ಡೈರಿ ನೋಡಿಕೊಂಡು, ಒಬ್ಬೊಬ್ಬರ ಉಸಿರನ್ನೂ ವಾಪಸ್ ಕೂರಿಸಿದೆ.

ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಕ್ಲಾರಿನೆಟ್ ನುಡಿಯುವಷ್ಟು ಹೊತ್ತೂ ದೊಡ್ಡಪ್ಪನ ಬೆರಳು ಮಂಡಿಯ ಮೇಲೆ ಆಡುತ್ತಿದ್ದವು, ಕೆನ್ನೆ ಉಬ್ಬುತ್ತಿತ್ತು. ಅದು ನಿಲ್ಲುವುದಿಲ್ಲವೆಂದು ಅವರೂ ತಾಳುವಷ್ಟು ಹೊತ್ತು ಉಸಿರು ಕಟ್ಟಿರುತ್ತಿದ್ದರು! ಆಮೇಲೆ ಏದುಸಿರು, ದೊಡ್ಡಮ್ಮನ ಕೈಯಿಂದ ಒಂದು ಲೋಟ ನೀರು. ಎಲ್ಲರಿಗೂ ರೆಸ್ಟ್ ಬರೆದ ಮನುಷ್ಯ ಕ್ಲಾರಿನೆಟ್ಟಿಗೆ ಒಂದೇ ಒಂದು ಬರೆದಿರಲಿಲ್ಲ. ಕೇಳಿದರೆ, "ಊದೋದು ಕಂಪ್ಯೂಟ್ರು, ಅದಕ್ಯಾಕೆ?" ಎಂದರು.

ಟ್ರಂಪೆಟ್‌ನವರ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ತಮ್ಮ ಪ್ರಿಂಟನ್ನು ತಂದು ನನ್ನ ಮುಂದೆ ಹರಡಿದರು.

"ಪೆನ್ಸಿಲ್ ತಗೋಮ್ಮ. ಮೂವತ್ತು ವರ್ಷ ಅವನ ಪಕ್ಕ ಕೂತು ಊದಿದೀನಿ. ಅವ್ನು ಎಲ್ಲೆಲ್ಲಿ ಉಸಿರು ತಗೋತಿದ್ದ ಅಂತ ನಂಗೊತ್ತು. ಆ ಜಾಗದಲ್ಲಿ ಟ್ಯೂನ್ ನಾನು ಎತ್ಕೋತೀನಿ. ಅವನಿಗೆ ಹೇಳ್ಬೇಡ."

ರಾಜ್ಯೋತ್ಸವದ ಸಂಜೆ ಪಾರ್ಕಿನಲ್ಲಿ ಮೂವರು ಊದುವವರು, ಒಂದು ಲ್ಯಾಪ್‌ಟಾಪ್, ಅದರ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಹಳೆಯ ಬ್ಯಾಂಡಿನ ಕೋಟು ತೊಟ್ಟ ದೊಡ್ಡಪ್ಪ. ಎದುರುಮನೆಯಾಕೆಯೂ ಮುಂದಿನ ಸಾಲಿನಲ್ಲಿ ಹಾಜರ್! ನಾನು ಗುಂಡಿ ಒತ್ತಿದೆ. ಎರಡನೆಯ ಸಾಲಿನ ಕೊನೆಗೆ ಕ್ಲಾರಿನೆಟ್ ತಟ್ಟನೆ ನಿಂತಿತು. ದೊಡ್ಡಪ್ಪನ ಬೆರಳೂ ನಿಂತವು. ಮತ್ತೆ ಏನು ಮಾಡಿದೆಯೇ ಮಾರಾಯ್ತಿ ಎನ್ನುವ ಹಾಗೆ ನನ್ನನ್ನು ನೋಡಿದರು. ಅಷ್ಟರಲ್ಲಿ ಟ್ರಂಪೆಟ್ ಆ ಟ್ಯೂನನ್ನು ಮೆತ್ತಗೆ ಎತ್ತಿಕೊಂಡಿತು. ದೊಡ್ಡಪ್ಪ ಗೆಳೆಯನತ್ತ ತಿರುಗಿದರು. ಅವರು ಊದುತ್ತಲೇ ಹುಬ್ಬು ಹಾರಿಸಿದರು.

ದೊಡ್ಡಪ್ಪ ಮುಂದಿನ ಸಾಲಿನವರಿಗೆಲ್ಲ ಕೇಳಿಸುವಷ್ಟು ಜೋರಾಗಿ ಉಸಿರೆಳೆದುಕೊಂಡರು. ನನಗೆ ಅಳು ಬಂತು. ಅವರು ಕಣ್ಣು ಮುಚ್ಚಿಕೊಂಡು, ಬೆರಳುಗಳನ್ನು ಮತ್ತೆ ಮಂಡಿಯ ಮೇಲಿಟ್ಟು, ಕ್ಲಾರಿನೆಟ್ ಶುರುವಾಗುವುದನ್ನು ಕಾದರು.