ಗ್ರೀಕರ ಪರವಾಗಿ ನಮ್ಮ ಮಾವ

ನಮ್ಮ ಸೋದರಮಾವನಿಗೆ ಗ್ರೀಸ್ ದೇಶ ಭೂಪಟದ ಯಾವ ಮೂಲೆಯಲ್ಲಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಆದರೂ ಆ ದೇಶದ ಮಾನ ಕಾಯುವ ಹೊಣೆ ಸದ್ಯಕ್ಕೆ ಪುಣೆಯಲ್ಲಿ ಅವರೊಬ್ಬರ ತಲೆಯ ಮೇಲೆ ಬಿದ್ದಿದೆ. ಯಾರು ವಹಿಸಿದರು ಎಂದು ಕೇಳಬೇಡಿ. ಗ್ರೀಕರಂತೂ ವಹಿಸಿಲ್ಲ!

ಮಾವ ಉಡುಪಿ ಕಡೆಯವರು. ಸ್ವಾರಗೇಟಿನ ಬಸ್ ನಿಲ್ದಾಣದ ಹತ್ತಿರ ಅವರ ಹೋಟೆಲು. ಹೊಟ್ಟೆಪಾಡಿಗೆ ಇಡ್ಲಿ, ದೋಸೆ, ಜೀವನಕ್ಕೆ ತಾಳಮದ್ದಳೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ತಾಳಮದ್ದಳೆಯೆಂದರೆ ವೇಷವಿಲ್ಲದ, ಕುಣಿತವಿಲ್ಲದ, ಬರೀ ಮಾತಿನ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಪಾತ್ರವಾಗಿ ವಾದಿಸುತ್ತಾರೆ. ಮಾತು ಯಾರೂ ಬರೆದುಕೊಟ್ಟದ್ದಲ್ಲ. ಎದುರಿನವರು ಏನೇ ಕೇಳಲಿ, ಪಾತ್ರ ಬಿಡದೆ ಆಗಿಂದಾಗ ಉತ್ತರ ಕೊಡಬೇಕು. ಮಾವ ಇದರಲ್ಲಿ ಸೋತದ್ದನ್ನು ನಾನಂತೂ ನೋಡಿರಲಿಲ್ಲ. ಕೇಳುವವರು ಸುಸ್ತಾದದ್ದನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ.

ಇಂಥವರ ಕಿವಿಗೆ, ಗ್ರೀಕರ ಮಹಾಕಾವ್ಯವೊಂದನ್ನು ನೀರಿನಂತೆ ದುಡ್ಡು ಸುರಿದು ಸಿನಿಮಾ ಮಾಡಿದ್ದಾರೆ ಎಂಬ ಸುದ್ದಿ ಬಿತ್ತು. ಹತ್ತು ವರ್ಷ ಯುದ್ಧ ಮಾಡಿ, ಇನ್ನೂ ಹತ್ತು ವರ್ಷ ಕಡಲಿನಲ್ಲಿ ಅಲೆದು, ಕೊನೆಗೆ ಹೆಂಡತಿಯ ಮನೆಬಾಗಿಲಿಗೆ ಬಂದು ನಿಲ್ಲುವ ರಾಜನ ಕತೆ. ಕನ್ನಡ ಅನುವಾದ ನನ್ನ ಕಪಾಟಿನಲ್ಲಿತ್ತು. ಮಾವನಿಗೆ ಕೊಟ್ಟೆ. ಕೊಡಬಾರದಿತ್ತು ಎಂದು ಅವರ ಗಿರಾಕಿಗಳು ಈಗಲೂ ನನ್ನನ್ನು ಶಪಿಸುತ್ತಾರೆ.

ಏಕೆಂದರೆ ಅಂದಿನಿಂದ ಗಲ್ಲಾಪೆಟ್ಟಿಗೆಯೇ ಗ್ರೀಕ್ ರಾಯಭಾರ ಕಚೇರಿಯಾಯಿತು. ಪತ್ರಿಕೆಯಲ್ಲಿ ಈ ಸಿನಿಮಾದ ಬಗ್ಗೆ ಬಂದ ತಕರಾರುಗಳನ್ನೆಲ್ಲ ಮಾವ ಬಾಯಿಪಾಠ ಮಾಡಿದರು. ಯಾವುದೋ ದೃಶ್ಯವನ್ನು ಮರಳುಗಾಡಿನಲ್ಲಿ ತೆಗೆದರಂತೆ. ಆ ನೆಲದ ಜನರನ್ನು ಹಿಂದೆಯೇ ಅಲ್ಲಿಂದ ಓಡಿಸಲಾಗಿತ್ತಂತೆ.

"ಮನೆಗೆ ಮರಳುವ ರಾಜನ ಕತೆ ಹೇಳ್ಲಿಕ್ಕೆ, ಮನೆಗೆ ಮರಳ್ಲಿಕ್ಕೆ ಆಗದವರ ನೆಲವೇ ಬೇಕಿತ್ತಾ?" ಎಂದು ಮಾವ ಕೇಳಿದರು. ಮಾತು ನನಗೆ ನಾಟಿತು. ಆದರೆ ಕೇಳಿದ್ದು ನನ್ನನ್ನಲ್ಲ, ಬಸ್ಸಿಗೆ ಹೊತ್ತಾಗಿದೆ ಎಂದು ಚಡಪಡಿಸುತ್ತಿದ್ದ ಒಬ್ಬ ಮರಾಠಿ ಗಿರಾಕಿಯನ್ನು.

"ಅಣ್ಣಾ, ಬಿಲ್ ಕಿತಿ ಝಾಲಂ?" ಎಂದು ಆತ ದುಡ್ಡು ಹಿಡಿದು ಅಂಗಲಾಚಿದ.

"ಥಾಂಬಾ," ಎಂದು ಮಾವ ಕೈಯೆತ್ತಿ ತಡೆದರು. "ಮೊದಲು ನ್ಯಾಯ ತೀರ್ಮಾನ ಆಗ್ಲಿ."

ಆ ಯುದ್ಧಕ್ಕೆ ಕಾರಣಳಾದ ಇನ್ನೊಬ್ಬ ರಾಣಿಯ ಪಾತ್ರಕ್ಕೆ ಕಪ್ಪು ಮೈಬಣ್ಣದ ನಟಿಯನ್ನು ಹಾಕಿದ್ದಾರೆ ಎಂದು ಜಗತ್ತೇ ಕಚ್ಚಾಡುತ್ತಿದ್ದಾಗ ಮಾತ್ರ ಮಾವ ಚಿತ್ರದವರ ಪರ ನಿಂತರು. "ಮೀಸೆ ಬೋಳಿಸಿದ ಗಂಡಸು ಸೀರೆ ಉಟ್ಟು ಬಂದರೆ ಮಹಾರಾಣಿ ಅಂತ ಕೈಮುಗಿದವರು ನಾವು. ನಮಗೆ ಬಣ್ಣದ್ದೆಂತ ತಕರಾರು?" ಆದರೆ ಗ್ರೀಕ್ ರಾಜ ಅಮೆರಿಕದವರ ಇಂಗ್ಲಿಷಿನಲ್ಲಿ ಮಾತಾಡುವುದು ಅವರಿಗೆ ಸುತರಾಂ ಒಪ್ಪಿಗೆಯಾಗಲಿಲ್ಲ. ಹಸ್ತಿನಾವತಿಯ ಅರಸರು ನಿಮ್ಮ ತಾಳಮದ್ದಳೆಯಲ್ಲಿ ಉಡುಪಿ ಕನ್ನಡ ಮಾತಾಡುವುದಿಲ್ಲವೇ ಎಂದು ಕೇಳಿದೆ.

"ಅದು ಬೇರೆ," ಎಂದರು. ಮಾವನಿಗೆ ಉತ್ತರ ಹೊಳೆಯದಿದ್ದಾಗ ಬರುವ ಉತ್ತರ ಅದೊಂದೇ.

ಇಷ್ಟೆಲ್ಲ ಆದಮೇಲೆ ಸಿನಿಮಾ ಬಹಿಷ್ಕರಿಸಬೇಕಲ್ಲವೇ? ಬಹಿಷ್ಕರಿಸಲು ತೀರ್ಮಾನಿಸಿದರು. ಆದರೆ ನೋಡದೆ ಬಯ್ಯುವುದು ಅಧರ್ಮವಂತೆ. ಆದ್ದರಿಂದ ಮೊದಲು ನೋಡಿ ಆಮೇಲೆ ಬಹಿಷ್ಕರಿಸುವುದೆಂದು ನಿಶ್ಚಯವಾಗಿ, ಮಾವ, ಅತ್ತೆ ನಾನಿರುವ ಖರಾಡಿಗೆ ಬಂದರು. ನಮ್ಮ ಮನೆಯ ಪಕ್ಕದ ಮಾಲ್‌ನಲ್ಲಿ ನಾನೇ ಟಿಕೆಟ್ ತೆಗೆದಿದ್ದೆ. ಪ್ರತಿಭಟನೆಯ ದ್ಯೋತಕವಾಗಿ ಮಾವ ಪಾಪ್‌ಕಾರ್ನ್ ಮುಟ್ಟಲಿಲ್ಲ. ಅವರ ಪಾಲನ್ನೂ ಅತ್ತೆ ತಿಂದರು.

ಮಾವ ಕೂತು ನೋಡುವವರೇ? ಕತೆಯಲ್ಲಿದ್ದ ದೇವತೆಗಳನ್ನೆಲ್ಲ ಕಿತ್ತುಹಾಕಿದ್ದಾರೆ ಎಂದು ಗೊತ್ತಾದ ಕೂಡಲೇ ಪರದೆಯೊಂದಿಗೆ ವಾದಕ್ಕಿಳಿದರು. "ದೇವರೇ ಇಲ್ಲದಿದ್ದರೆ ಈ ಬಿರುಗಾಳಿ ಎಬ್ಬಿಸಿದ್ದು ಯಾರು, ಹವಾಮಾನ ಇಲಾಖೆಯಾ?" ಚಿತ್ರಮಂದಿರದ ಕೆಲಸದ ಹುಡುಗಿ ಟಾರ್ಚ್ ಹಿಡಿದು ಬಂದು, "ಕಾಕಾ, ಶಾಂತ ಬಸಾ ನಾ," ಎಂದು ಗೋಗರೆದಳು. ಪರದೆಯ ಮೇಲಿನ ರಾಜ ಉತ್ತರ ಕೊಡಲಾಗದೆ ಹಡಗು ಹತ್ತಿ ಹೋದದ್ದನ್ನು ಮಾವ ತಮ್ಮ ಗೆಲುವೆಂದೇ ಎಣಿಸಿದರು.

ಹೊರಗೆ ಬಂದಮೇಲೆ ಅತ್ತೆ ಮೊದಲ ಸಲ ಬಾಯಿಬಿಟ್ಟರು. ಪುಸ್ತಕವನ್ನು ಮಾವನಿಗಿಂತ ಮೊದಲೇ ಅವರು ಓದಿ ಮುಗಿಸಿದ್ದರೆಂಬುದು ನನಗೆ ಗೊತ್ತೇ ಇರಲಿಲ್ಲ.

"ಆ ಪರೀಕ್ಷೆಯನ್ನೇ ಬಿಟ್ಟಿದ್ದಾರಲ್ಲ," ಎಂದರು.

ಮೂಲದಲ್ಲಿ, ಇಪ್ಪತ್ತು ವರ್ಷಗಳ ಮೇಲೆ ಬಂದವನನ್ನು ರಾಣಿ ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವರಿಬ್ಬರಿಗೇ ಗೊತ್ತಿದ್ದ ಮಂಚದ ಗುಟ್ಟೊಂದನ್ನು ಮುಂದಿಟ್ಟು ಪರೀಕ್ಷಿಸಿ, ಆಮೇಲೆ ಗಂಡನೆಂದು ಒಪ್ಪುತ್ತಾಳೆ. ಸಿನಿಮಾದಲ್ಲಿ ಆಕೆ ನೋಡಿದಳು, ಓಡಿಬಂದಳು, ಅಪ್ಪಿಕೊಂಡಳು. ಹಿಂದಿನಿಂದ ನೂರು ಪಿಟೀಲು.

"ಅದೊಂದು ಸಣ್ಣ ಸಂಗತಿ ಮಾರಾಯ್ತಿ," ಎಂದರು ಮಾವ. "ದೇವರನ್ನೇ ಬಿಟ್ಟಿದ್ದಾರೆ, ನೀನು ಮಂಚದ ಹಿಂದೆ ಬಿದ್ದಿದ್ದಿ."

ಅತ್ತೆ ಮುಂದೆ ನಡೆದರು. ನನಗೆ ಮಾತ್ರ ಅದು ಸಣ್ಣ ಸಂಗತಿ ಅನ್ನಿಸಲಿಲ್ಲ. ಮದುವೆಯಾದ ವರ್ಷವೇ ಮಾವ ಪುಣೆಗೆ ಓಡಿಬಂದವರು. ಸ್ವಂತ ಹೋಟೆಲು ಆಗುವ ತನಕ, ಎಷ್ಟೋ ವರ್ಷ, ಅತ್ತೆ ಊರಿನಲ್ಲೇ ಇದ್ದರು. ವರ್ಷಕ್ಕೊಮ್ಮೆ ಪುಣೆಯಾಚೆಯ ಕಾತ್ರಜದ ಘಾಟಿ ಇಳಿದು ಬರುವ ಗಂಡ, ಹಬ್ಬ ಮುಗಿಯುತ್ತಲೇ ಮಾಯ. ಇದನ್ನು ನಮ್ಮ ಮನೆಗಳಲ್ಲಿ ಯಾರೂ ದೊಡ್ಡದಾಗಿ ಹೇಳುವುದಿಲ್ಲ. ಅರ್ಧ ಊರೇ ಹಾಗೆ ಹೋಟೆಲಿಗೆ ಹೋದದ್ದು.

ಸರಿ, ಮಾವ ಮುಂದಿನ ಅಸ್ತ್ರ ತೆಗೆದರು. ಈ ಕತೆಯನ್ನು ಅದಕ್ಕೆ ಸಲ್ಲುವ ಮರ್ಯಾದೆಯಿಂದ ತಾವೇ ತಾಳಮದ್ದಳೆ ಮಾಡಿ ತೋರಿಸುವುದು! ಕಾತ್ರಜದಲ್ಲಿರುವ ನಮ್ಮ ಭಾಗವತರು ಪದ ಕಟ್ಟಿದರು. ರಾಜನ ಪಾತ್ರ ಯಾರದ್ದು ಎಂದು ಹೇಳಬೇಕಾಗಿಲ್ಲ. ರಾಜನಿಲ್ಲದಾಗ ಅರಮನೆಯಲ್ಲಿ ಠಿಕಾಣಿ ಹೂಡಿ ಪುಕ್ಕಟೆ ಉಣ್ಣುವ ದುಷ್ಟನ ಪಾತ್ರಕ್ಕೆ, ದಿನವೂ ಊಟಕ್ಕೆ ಬರುವ ಕಲಬುರಗಿಯ ಗುತ್ತಿಗೆದಾರರೊಬ್ಬರನ್ನು ಹಿಡಿದರು. "ನಿಮಗೆ ಅನುಭವ ಉಂಟಲ್ಲ," ಎಂದರು.

"ಅಣ್ಣಾರ, ನಾ ರೊಕ್ಕಾ ಕೊಟ್ಟ ಉಣ್ತೀನ್ರಿ," ಎಂದರು ಆ ಪುಣ್ಯಾತ್ಮ.

ರಾಣಿಯ ಪಾತ್ರವೋ? "ಹೊತ್ತಿಲ್ಲ" ಎಂದು ಮಾವ ಅದನ್ನು ಎರಡು ಮಾತಿಗೆ ಇಳಿಸಿ, ಭಾಗವತರೇ ಹೇಳಿ ಮುಗಿಸಲಿ ಎಂದರು. ಸಿನಿಮಾದವರು ಮಾಡಿದ್ದೂ ಅದನ್ನೇ ಅಲ್ಲವೇ ಎಂದೆ.

"ಅದು ಬೇರೆ," ಎಂದರು ಮಾವ.

ಭಾನುವಾರ ಮಧ್ಯಾಹ್ನ, ಊಟದ ಗಿರಾಕಿಗಳು ಕರಗಿ ಸಂಜೆಯ ಚಹಾ ಇನ್ನೂ ಶುರುವಾಗದ ಹೊತ್ತಿನಲ್ಲಿ, ಹೋಟೆಲಿನ ಮೇಜುಗಳನ್ನು ಸರಿಸಿ ಚಾಪೆ ಹಾಸಿದರು. ಮಾವ ಶಾಲು ಹೊದ್ದು ಕೂತರು. ಗುತ್ತಿಗೆದಾರರನ್ನು ಮೂರೇ ಪದದಲ್ಲಿ ಸಂಹರಿಸಿದರು. ಅವರು ಸತ್ತದ್ದಕ್ಕೆ ಖುಷಿಪಟ್ಟು ಎದ್ದು ಚಹಾ ಕುಡಿಯಲು ಹೋದರು. ಇನ್ನು ರಾಜ ಅಂತಃಪುರಕ್ಕೆ ಹೋಗಬೇಕು. ಆಗ ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು, ಖಾಲಿಯಾಗಿದ್ದ ಎದುರಿನ ಜಾಗದಲ್ಲಿ ಕೂತರು.

ಭಾಗವತರು ಒಮ್ಮೆ ನೋಡಿ, ಏನೂ ಆಗಿಲ್ಲವೆಂಬಂತೆ ರಾಣಿಯ ಪದ ಎತ್ತಿದರು. ಕೂತವರನ್ನು ಏಳಿಸುವ ಪದ್ಧತಿ ತಾಳಮದ್ದಳೆಯಲ್ಲಿಲ್ಲ.

"ಬಂದವರೇ," ಎಂದರು ಅತ್ತೆ. "ನೀವು ನನ್ನ ಗಂಡನೇ ಹೌದಾದರೆ ಒಂದು ಮಾತು ಹೇಳಿ. ಮನೆ ಬಿಟ್ಟು ಹೊರಟ ದಿನ ಅವರು ನನ್ನ ಹತ್ತಿರ ಎಂತ ಹೇಳಿ ಹೋದರು?"

ಮಾವ ಗಂಟಲು ಸರಿಮಾಡಿಕೊಂಡು ಕ್ಷತ್ರಿಯಧರ್ಮದಿಂದ ಶುರುಮಾಡಿದರು. ಯುದ್ಧದ ಕರೆ, ಮಿತ್ರರಿಗೆ ಕೊಟ್ಟ ವಚನ, ಕಡಲಿನ ಕರೆ ಎಲ್ಲ ಬಂದವು. ಅತ್ತೆ ಪೂರ್ತಿ ಕೇಳಿದರು.

"ಇದೆಲ್ಲ ಊರಿಗೆ ಹೇಳಿದ ಮಾತು. ನನ್ನ ಹತ್ತಿರ ಎಂತ ಹೇಳಿದರು?"

ಮಾವ ಶಾಲು ಸರಿಮಾಡಿಕೊಂಡರು. ಭಾಗವತರ ಕಡೆ ನೋಡಿದರು. ಮುಂದಿನ ಪದ ಎತ್ತಿದರೆ ಅರ್ಥಧಾರಿ ಬಚಾವ್. ಭಾಗವತರು ತಾಳವನ್ನು ಮಡಿಲಲ್ಲಿಟ್ಟುಕೊಂಡರು. "ಅದು ಬೇರೆ" ಎನ್ನುತ್ತಾರೆ ಎಂದು ನಾನು ಕಾದೆ. ಅನ್ನಲಿಲ್ಲ.

"ಎಂತದೂ ಹೇಳಲಿಲ್ಲ," ಎಂದರು ಮಾವ. ಆ ದನಿ ರಾಜನದ್ದಾಗಿರಲಿಲ್ಲ. "ನೀನು ಬಾವಿಕಟ್ಟೆಯಲ್ಲಿ ನೀರು ಸೇದ್ತಾ ಇದ್ದಿ. ಮುಖ ನೋಡಿದರೆ ಹೋಗ್ಲಿಕ್ಕೆ ಆಗುದಿಲ್ಲ ಅಂತ ಹಿತ್ತಿಲ ಬಾಗಿಲಿಂದ ಹೋದೆ."

ಅತ್ತೆಯ ಕಣ್ಣು ತುಂಬಿತ್ತು. ನಮ್ಮ ಕಡೆ ತಿರುಗಿ ಹೇಳಿದರು:

"ಹೌದು. ಇವರೇ ನನ್ನ ಗಂಡ. ಬೇರೆ ಯಾರೇ ಆಗಿದ್ದರೂ ಎಂತಾದರೂ ಚಂದದ್ದು ಕಟ್ಟಿ ಹೇಳ್ತಿದ್ದರು."

ಭಾಗವತರು ಮಂಗಳ ಹಾಡಿದರು. ಮಾವ ಶಾಲಿನಿಂದ ಮುಖ ಒರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಯಿತು, ಆದರೆ ಸೆಖೆಗೆ ಬೆವರು ಎಂದು ಹೇಳಿದೆ.

ಮಾವನ ಗ್ರೀಕ್ ರಾಯಭಾರ ಇನ್ನೂ ನಡೆದಿದೆ. ಗಿರಾಕಿಗಳು ಈಗಲೂ ಬಿಲ್ಲಿಗೆ ಕಾಯುತ್ತಾರೆ. ಸಿನಿಮಾದ ತಪ್ಪುಗಳಲ್ಲಿ ಮಾತ್ರ ಮಂಚದ ಪರೀಕ್ಷೆ ಈಗ ಮೊದಲು ಬರುತ್ತದೆ, ದೇವರು ಆಮೇಲೆ. ಇನ್ನೊಂದು ಬದಲಾವಣೆಯನ್ನು ನಾನು ಮೊನ್ನೆ ಗಮನಿಸಿದೆ. ಎದುರಿನ ಗಾಡಿಯಿಂದ ಕೊತ್ತಂಬರಿ ಸೊಪ್ಪು ತರುವುದಿದ್ದರೂ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ಹೋಗಿ ಬರ್ತೇನೆ ಆಯ್ತಾ?"

ಅತ್ತೆ ಕಾವಲಿಯಿಂದ ತಲೆ ಎತ್ತಿ "ಹ್ಞೂಂ" ಎನ್ನುವ ತನಕ ಅಲ್ಲಿಂದ ಕದಲುವುದಿಲ್ಲ.